ಫಿಸಿಕ್ಸ್ ನೋಟ್‌ಬುಕ್‌ನಲ್ಲಿ ಕೊರಿಯನ್ ಕಾಗುಣಿತ

ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಹುಡುಗಿ, ಅಪ್ಪ ಅಮ್ಮನ ಜೊತೆ ಸಲಹೆಗೆಂದು ನನ್ನ ಹತ್ತಿರ ಬಂದಳು. ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರ ಮನೆ. ಇಲ್ಲಿ ಅವಳನ್ನು ಕಾವ್ಯ ಎಂದು ಕರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವಳೂ ಒಪ್ಪಿದ್ದಾಳೆ, ಅಪ್ಪ ಅಮ್ಮನೂ ಒಪ್ಪಿದ್ದಾರೆ.

ಅಪ್ಪನ ದೂರು ನೇರವಾಗಿತ್ತು. "ಮೇಡಂ, ಇವ್ಳಿಗೆ ಮೊಬೈಲ್ ಹುಚ್ಚು ಹಿಡಿದಿದೆ. ರಾತ್ರಿ ಎರಡು ಗಂಟೆ ತನಕ ಎದ್ದಿರ್ತಾಳೆ. ನೀಟ್ ಕೋಚಿಂಗ್‌ಗೆ ಸಾಲ ಮಾಡಿ ದುಡ್ಡು ಕಟ್ಟಿದೀನಿ. ಟೆಸ್ಟ್‌ನಲ್ಲಿ ಮಾರ್ಕ್ಸ್ ಮಾತ್ರ ಇಳೀತಾನೇ ಇದೆ." ಅಮ್ಮ ಹೇಳಿದ್ದು ಒಂದೇ ಮಾತು. "ಊಟಕ್ಕೆ ಕರೆದ್ರೆ ಅಳ್ತಾಳೆ, ಮೇಡಂ."

ನಾನು ಹೆಚ್ಚು ಗಮನ ಕೊಟ್ಟದ್ದು ಅಮ್ಮನ ಮಾತಿಗೆ. ಮೊಬೈಲ್ ಚಟ ಎಂದು ಮನೆಯವರೇ ಹೆಸರಿಟ್ಟುಕೊಂಡು ಬರುವ ಮಕ್ಕಳು ಈಗ ಜಾಸ್ತಿ. ಎಷ್ಟೋ ಸಲ ಮೊಬೈಲ್ ಕಣ್ಣಿಗೆ ಕಾಣುವ ವಸ್ತು, ಅಷ್ಟೇ. ತೊಂದರೆ ಬೇರೆ ಕಡೆ ಇರುತ್ತದೆ.

ಕಾವ್ಯಳ ಜೊತೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ರಾತ್ರಿ ಏನು ನೋಡ್ತೀಯಾ ಅಂತ ಕೇಳಿದರೆ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ನೋಡೋದು ಕಡಿಮೆ ಮೇಡಂ, ಬರೀತೀನಿ" ಎಂದು ಬ್ಯಾಗಿನಿಂದ ಫಿಸಿಕ್ಸ್ ನೋಟ್‌ಬುಕ್ ತೆಗೆದಳು. ಹಿಂದಿನಿಂದ ತಿರುವಿದರೆ ಪುಟದ ಮೇಲೆ ಪುಟ ಕೊರಿಯನ್ ಅಕ್ಷರ. ಸ್ಕೇಲ್ ಇಟ್ಟು ಗೆರೆ ಎಳೆದು ಕೋಷ್ಟಕ ಮಾಡಿದ್ದಳು. ಕೊರಿಯನ್ ವ್ಯಂಜನಗಳನ್ನು ನಮ್ಮ ವರ್ಗಾಕ್ಷರದ ಸಾಲಿನಲ್ಲಿ ಕೂರಿಸಿ, ಸ್ವರ ಸೇರಿಸಿ ಕಾಗುಣಿತ ಬರೆದಿದ್ದಳು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಟಿಪ್ಪಣಿ: "ಕ, ಗ ಎರಡಕ್ಕೂ ಒಂದೇ ಅಕ್ಷರ. ಪದದ ಶುರುವಿನಲ್ಲಿ ಕ. ಎರಡು ಸ್ವರದ ನಡುವೆ ಬಂದರೆ ಗ." ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಕೇಳಿ ಕೇಳಿ ಗೊತ್ತಾಯ್ತು ಎಂದಳು. ಕೊರಿಯನ್ ಸೀರಿಯಲ್‌ನಿಂದ ಶುರುವಾದ ಆಸೆ ನಿಜ. ಆದರೆ ಈ ಕೋಷ್ಟಕವನ್ನು ಸೀರಿಯಲ್ ಹುಚ್ಚು ಬರೆಸುವುದಿಲ್ಲ.

ಅವಳಿಗೆ ಡಾಕ್ಟರ್ ಆಗಲು ಇಷ್ಟವಿಲ್ಲ. ಅಪ್ಪ ಮಾಡಿದ ಸಾಲ ನೆನೆದರೆ ಬಾಯಿ ಬರುವುದಿಲ್ಲ. ಹಗಲು ಕೋಚಿಂಗ್, ರಾತ್ರಿ ಕದ್ದು ಕೊರಿಯನ್, ನಿದ್ದೆ ನಾಲ್ಕೈದು ಗಂಟೆ. ಸಾಯಬೇಕು ಅನ್ನಿಸಿದ್ದುಂಟಾ ಎಂದು ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ಕೇಳಿದರೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಎಂಬ ಹೆದರಿಕೆಯೂ ಬೇಡ. ಹಾಗೇನಿಲ್ಲ ಎಂದಳು. ಬೇರೆ ಲಕ್ಷಣಗಳನ್ನೂ ವಿಚಾರಿಸಿ ನೋಡಿದೆ. ಚಟ ಅಲ್ಲ, ಭಯ ಮತ್ತು ನಿದ್ದೆಗೇಡು ಎಂಬ ತೀರ್ಮಾನಕ್ಕೆ ಬಂದೆ.

ಮೊದಲು ಹೇಳಿದ್ದು ನಿದ್ದೆಯ ವಿಷಯ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಅಮ್ಮನ ಕೈಗೆ. ಅದಕ್ಕೆ ಬದಲಾಗಿ ಸಂಜೆ ಒಂದು ಗಂಟೆ ಕೊರಿಯನ್, ಹಾಲ್‌ನಲ್ಲಿ ಎಲ್ಲರ ಎದುರಿಗೆ ಕೂತು. ಕದ್ದು ಮಾಡುವುದು ನಿಂತರೆ ಅರ್ಧ ಭಾರ ಇಳಿಯುತ್ತದೆ. ಅಪ್ಪನಿಗೆ ಇದು ಹಿಡಿಸಲಿಲ್ಲ. ಆದರೂ ಸ್ವಲ್ಪ ದಿನ ನೋಡೋಣ ಎಂದು ಒಪ್ಪಿದರು.

ಇನ್ನೊಂದು ಕಡೆ ಅವಳ ಆಸೆಯನ್ನೂ ಪರೀಕ್ಷೆ ಮಾಡಬೇಕಿತ್ತು. ಅಯ್ಯೋ ಪಾಪ ಎಂದು ಹೊಗಳಿ ಕಳಿಸಿದರೆ ಆ ಹುಡುಗಿಗೆ ಅನ್ಯಾಯ. ವಿಶ್ವವಿದ್ಯಾಲಯದಲ್ಲಿ ಭಾಷೆ ಓದುವುದು ಎಂದರೆ ಮಾತು ಕಲಿಯುವುದಷ್ಟೇ ಅಲ್ಲ. ಆ ದೇಶದ ಚರಿತ್ರೆ, ಸಾಹಿತ್ಯ, ಸಮಾಜ ಎಲ್ಲವನ್ನೂ ಓದಬೇಕು. ಅದಕ್ಕೇ ಕೆಲಸ ಕೊಟ್ಟೆ. 1910ರಿಂದ 1945ರ ತನಕ ಜಪಾನಿನ ಆಳ್ವಿಕೆ, ಆಮೇಲೆ ದೇಶ ಎರಡಾದದ್ದು, 1950ರಿಂದ 1953ರ ಯುದ್ಧ: ಇದನ್ನು ಓದಿ ಕನ್ನಡದಲ್ಲಿ ಒಂದು ಪುಟ ಬರೆದು ತಾ ಎಂದೆ. ಏಷ್ಯಾ, ಆಫ್ರಿಕಾದ ಬೇರೆ ಭಾಷೆಗಳನ್ನೂ ಒಮ್ಮೆ ನೋಡು ಎಂದೆ. ಜಪಾನಿ, ಸ್ವಾಹಿಲಿ, ಇಥಿಯೋಪಿಯಾದ ಅಮ್ಹಾರಿಕ್. ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆ, ಅಲ್ಲಿ ದಿನಾ ಕಿವಿಗೆ ಬೀಳುವ ಟಿಬೆಟನ್ ಇದೆಯಲ್ಲ, ಅದನ್ನೂ.

ಮಳೆಗೆ ಕಾಲೇಜಿಗೆ ರಜೆ ಕೊಟ್ಟಿದ್ದ ವಾರ ಅದು. ಒಂದು ಪುಟ ಕೇಳಿದ್ದೆ, ನಾಲ್ಕು ತಂದಳು. ಚರಿತ್ರೆ ಓದಿ ರಾತ್ರಿ ಬೇಜಾರಾಯಿತಂತೆ. ಕೊರಿಯನ್ನರಿಗೆ ಶಾಲೆಯಲ್ಲಿ ಅವರದೇ ಭಾಷೆ ಇಲ್ಲದಂತೆ ಮಾಡಿದ್ದರಂತಲ್ಲಾ ಮೇಡಂ ಎಂದು ಕೇಳಿದಳು. ರಾಜ ಸೇಜೊಂಗ್ 1443ರಲ್ಲಿ ರೂಪಿಸಿದ ಲಿಪಿಯನ್ನು ಇವಳು ಚೆಂದದ ಅಕ್ಷರ ಎಂದು ಕಲಿತಿದ್ದಳು. ಈಗ ಅದರ ಹಿಂದೆ ಜನ ಕಾಣಿಸಿದ್ದರು. ಅಮ್ಹಾರಿಕ್‌ನಲ್ಲೂ ವ್ಯಂಜನಕ್ಕೆ ಸ್ವರ ಅಂಟಿಸಿ ಕಾಗುಣಿತದ ಹಾಗೇ ಬರೆಯುತ್ತಾರೆ ಎಂದು ನೋಡಿಕೊಂಡು ಬಂದಿದ್ದಳು. ಕೊರಿಯನ್, ಜಪಾನಿ, ಟಿಬೆಟನ್, ಅಮ್ಹಾರಿಕ್ ನಾಲ್ಕರಲ್ಲೂ ಕ್ರಿಯಾಪದ ನಮ್ಮ ಹಾಗೆ ಕೊನೆಗೇ ಬರುತ್ತದೆ, ಚೀನಿ ಮತ್ತು ಸ್ವಾಹಿಲಿಯಲ್ಲಿ ನಡುವೆ ಬರುತ್ತದೆ ಎಂದು ಪಟ್ಟಿ ಮಾಡಿದ್ದಳು. ಕನ್ನಡ ಮೀಡಿಯಂನಲ್ಲಿ ಓದಿದ್ದೇ ತನ್ನ ಕೊರತೆ ಎಂದುಕೊಂಡಿದ್ದ ಹುಡುಗಿ ಇದನ್ನು ಹೇಳುವಾಗ ಮುಖ ಎತ್ತಿ ಮಾತಾಡಿದಳು. ಇವಳನ್ನು ತಡೆಯಬಾರದು ಎಂದು ನನಗೆ ಅನ್ನಿಸಿದ್ದು ಆಗಲೇ.

ಅಪ್ಪನ ಜೊತೆ ಕೂತದ್ದು ಕಷ್ಟದ ಮಾತುಕತೆ. "ಕೊರಿಯಾ ಭಾಷೆ ಕಲ್ತು ಸೋಮವಾರಪೇಟೇಲಿ ಏನ್ ಮಾಡ್ತಾಳೆ ಮೇಡಂ?" ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಾನು ತಿರುಗಿ ಕಾಫಿ ರೇಟ್ ಬಗ್ಗೆ ಕೇಳಿದೆ. ಈ ಸಲ ರೊಬಸ್ಟಾ ಹೇಗೆ? ಶುರು ಮಾಡಿದರು ನೋಡಿ: ಲಂಡನ್ ಟರ್ಮಿನಲ್ ಅಂದರೆ ಅಲ್ಲಿನ ಮಾರುಕಟ್ಟೆಯ ಕಾಫಿ ದರ, ವಿಯೆಟ್ನಾಂನಲ್ಲಿ ಮಳೆ, ಬ್ರೆಜಿಲ್ ಬೆಳೆ, ಉಗಾಂಡದ ಮಾಲು. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪ್‌ನಲ್ಲಿ ನೋಡುವುದು ಇದನ್ನೇ ಎಂದರು. ಆಗ ಹೇಳಿದೆ, ನಿಮ್ಮ ತೋಟದ ದುಡ್ಡು ನೀವು ನೋಡದ ದೇಶಗಳ ಕೈಯಲ್ಲಿದೆ. ಅಂಥ ದೇಶಗಳನ್ನು ಅವರ ಭಾಷೆಯಲ್ಲೇ ಅರಿತವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಅವರು ತಕ್ಷಣ ಒಪ್ಪಲಿಲ್ಲ. ಆದರೆ ಅಲ್ಲಿಂದ ದನಿ ತಗ್ಗಿತು. ನಿಜವಾದ ಭಯವೂ ಹೊರಗೆ ಬಂತು. ಭಾಷೆ ಓದಲು ಹೋಗಬೇಕಾದ ಡೆಲ್ಲಿ ದೂರ. ಹೆಣ್ಣು ಹುಡುಗಿ. ಸಂಬಂಧಿಕರ ಮಗನೊಬ್ಬ ಬಿ.ಎ. ಮಾಡಿ ಮನೆಯಲ್ಲೇ ಕೂತಿದ್ದಾನೆ.

ಭಯಕ್ಕೆ ಉಪದೇಶ ಸಾಲದು, ವಿವರ ಬೇಕು. ಹೀಗೆ ಹೇಳಿದೆ. ಡೆಲ್ಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಕೊರಿಯನ್, ಜಪಾನಿ, ಚೀನಿ, ಅರಬಿ, ಪರ್ಷಿಯನ್ ಭಾಷೆಗಳಲ್ಲಿ ಬಿ.ಎ. ಆನರ್ಸ್ ಇದೆ. ಪ್ರವೇಶ ಸಿಯುಇಟಿ, ಅಂದರೆ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಪಿಯುಸಿಯಲ್ಲಿ ವಿಜ್ಞಾನ ಓದಿದವರೂ ಹಾಕಬಹುದು. ಸರ್ಕಾರಿ ಸಂಸ್ಥೆ, ಕೋಚಿಂಗ್‌ಗೆ ಕಟ್ಟಿದ ದುಡ್ಡಿನ ಮುಂದೆ ಫೀಸು ತೀರಾ ಕಡಿಮೆ. ಸ್ವಾಹಿಲಿ ಬೇಕೆಂದರೆ ಡೆಲ್ಲಿ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ವಿಭಾಗವಿದೆ. ಶಾಂತಿನಿಕೇತನದಲ್ಲಿ ಚೀನಿ ಭಾಷೆ ಕಲಿಸುವ ಚೀನಾ ಭವನ 1937ರಿಂದ ಇದೆ. ದೂರ ಬೇಡವೆಂದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಡಿಗ್ರಿ ಮಾಡುತ್ತಾ ಜೊತೆಗೆ ವಿದೇಶಿ ಭಾಷೆಯ ಸರ್ಟಿಫಿಕೇಟ್, ಡಿಪ್ಲೊಮಾ ಮಾಡಬಹುದು. ಎಲ್ಲಿ ಓದಿದರೂ ಅಳತೆಗೋಲು ಒಂದೇ, ಕೊರಿಯನ್ ಭಾಷೆ ಎಷ್ಟು ಬರುತ್ತದೆ ಎಂದು ನೋಡುವ ಟೋಪಿಕ್ ಪರೀಕ್ಷೆ. ಅದರಲ್ಲಿ ಆರು ಹಂತ. ಕೊರಿಯಾ ಸರ್ಕಾರದ ಸ್ಕಾಲರ್‌ಶಿಪ್ ಕೂಡ ಇದೆ. ಫೀಸು, ವಿಮಾನ ಟಿಕೆಟ್, ತಿಂಗಳ ಖರ್ಚು ಅವರೇ ಕೊಡುತ್ತಾರೆ. ಪೈಪೋಟಿ ಮಾತ್ರ ಜಾಸ್ತಿ.

ಕೆಲಸದ ಬಗ್ಗೆ ಬಣ್ಣದ ಮಾತು ಆಡಲಿಲ್ಲ. ಕೊರಿಯಾದ ಕಾರು ಕಂಪನಿಗಳ ಕಾರ್ಖಾನೆಗಳಲ್ಲಿ ಪೆನುಕೊಂಡದ ಹತ್ತಿರ ಕಿಯಾ ಇದೆ, ಚೆನ್ನೈ ಪಕ್ಕ ಹ್ಯುಂಡೈ ಇದೆ. ಇಂಥ ಕಡೆ ದುಭಾಷಿಗಳ ಕೆಲಸ ಇರುತ್ತದೆ. ಆದರೆ ಸಾದಾ ಅನುವಾದವನ್ನು ಈಗ ಮೊಬೈಲೇ ಮಾಡುತ್ತದೆ. ಬರೀ ಭಾಷೆ ನಂಬಿಕೊಂಡರೆ ಸಾಲದು. ಭಾಷೆಯ ಜೊತೆ ವ್ಯಾಪಾರವೋ ಲೆಕ್ಕಪತ್ರವೋ ಪಾಠ ಹೇಳುವುದೋ, ಇನ್ನೊಂದು ವಿದ್ಯೆ ಕೈಯಲ್ಲಿರಬೇಕು. ಇದನ್ನು ಕಾವ್ಯಳಿಗೆ ಒತ್ತಿ ಹೇಳಿದೆ. ಅವಳಿಗೆ ಇಷ್ಟವಾಗಲಿಲ್ಲ. ಆದರೂ ಬರೆದುಕೊಂಡಳು.

ಕೊನೆಗೆ ಮನೆಯವರು ಒಪ್ಪಿಕೊಂಡದ್ದು ಇಷ್ಟು. ನೀಟ್ ಕೋಚಿಂಗ್ ನಿಲ್ಲಿಸುವುದು. ಪಿಯುಸಿ ಮಾತ್ರ ಚೆನ್ನಾಗಿ ಬರೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಸಿಯುಇಟಿ ಒಂದು ಸಲ ಬರೆಯುವುದು. ಸೀಟು ಸಿಗದಿದ್ದರೆ ಮೈಸೂರಿನಲ್ಲಿ ಬಿ.ಕಾಂ., ಜೊತೆಗೆ ಕೊರಿಯನ್. ಸಾಲದ ಮಾತನ್ನು ಅಪ್ಪ ಊಟದ ಹೊತ್ತಿಗೆ ಎತ್ತಬಾರದು. ಈ ಕೊನೆಯದನ್ನು ಸೇರಿಸಿದ್ದು ಅಮ್ಮ.

ಈಗ ಅವಳು ರಾತ್ರಿ ನಿದ್ದೆ ಮಾಡುತ್ತಿದ್ದಾಳೆ, ಊಟ ಸರಿಹೋಗಿದೆ. ಕೆಮಿಸ್ಟ್ರಿ ಇನ್ನೂ ಕಷ್ಟ. ಇಂಗ್ಲಿಷ್ ಭಯವೂ ಪೂರ್ತಿ ಹೋಗಿಲ್ಲ. ಡೆಲ್ಲಿಯಲ್ಲಿ ಪಾಠ ಅರ್ಥವಾಗುತ್ತದಾ ಎಂದು ಕೇಳುತ್ತಿರುತ್ತಾಳೆ. ಅದಕ್ಕೆ ದಿನಾ ಅರ್ಧ ಗಂಟೆ ಇಂಗ್ಲಿಷ್ ಪೇಪರ್ ಜೋರಾಗಿ ಓದಲು ಹೇಳಿದ್ದೇನೆ, ಕೇಳಿಸಿಕೊಳ್ಳುವ ಕೆಲಸ ಅಪ್ಪನದು. ಕಾಫಿ ಹೂ ಅರಳಿಸುವ ಹೂಮಳೆ ಬರುವ ಹೊತ್ತಿಗೇ ಅವಳ ಪರೀಕ್ಷೆ. ಆ ದಿನಗಳಲ್ಲಿ ತೋಟದ ಗಡಿಬಿಡಿ ಎಷ್ಟೇ ಇದ್ದರೂ ಅವಳನ್ನು ಕೆಲಸಕ್ಕೆ ಕರೆಯಬೇಡಿ ಎಂದು ಇಬ್ಬರಿಗೂ ಹೇಳಿ ಕಳಿಸಿದೆ. ಫಲಿತಾಂಶ ಬಂದ ವಾರ ಮೂವರೂ ಮತ್ತೆ ಬರುತ್ತಾರೆ.