ಕಡಿಮೆ ಖರ್ಚಿನಲ್ಲಿ ನಾಲ್ಕು ದಿನ: ಬಲ್ಗೇರಿಯಾದ ಸೋಫಿಯಾ ಮತ್ತು ಗಡಿ ಊರು ರೂಸೆ ಎರಡನ್ನೂ ನೋಡಬಹುದೇ?

ಖಂಡಿತ ನೋಡಬಹುದು, ಆದರೆ ಬಂದ ದಾರಿಯಲ್ಲೇ ವಾಪಸಾಗಬೇಡಿ. ಸೋಫಿಯಾದಲ್ಲಿ ಇಳಿದು, ಪಕ್ಕದ ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಿಂದ ವಿಮಾನ ಹತ್ತಿ. ಸೋಫಿಯಾದಿಂದ ರೂಸೆಗೆ ಸುಮಾರು 310 ಕಿ.ಮೀ., ಬಸ್ಸಿನಲ್ಲಿ ಹತ್ತಿರಹತ್ತಿರ ಐದು ಗಂಟೆ. ರೈಲು ಇನ್ನೂ ನಿಧಾನ. ರೂಸೆಯಿಂದ ಬುಕಾರೆಸ್ಟ್ ಬರೀ 75 ಕಿ.ಮೀ., 1954ರ ಡ್ಯಾನ್ಯೂಬ್ ಸೇತುವೆ ದಾಟಿದರೆ ರೊಮೇನಿಯಾ.

2025ರ ಜನವರಿಯಿಂದ ಎರಡೂ ದೇಶ ಪೂರ್ತಿ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಒಳಗಿವೆ. ಭಾರತೀಯ ಪಾಸ್‌ಪೋರ್ಟಿನವರಿಗೆ ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ತಂಗುವ ದೇಶಕ್ಕೇ ಅರ್ಜಿ ಹಾಕಿ. ಹಲವರು ಎಡವುವುದು ಇಲ್ಲಿ: ಒಂದೇ ಸಲ ಒಳಬರಲು ಬಿಡುವ ಸಿಂಗಲ್ ಎಂಟ್ರಿ ವೀಸಾದಲ್ಲಿ, ಷೆಂಗೆನ್‌ಗೆ ಸೇರದ ಪಕ್ಕದ ಸರ್ಬಿಯಾಕ್ಕೆ ಹೋದರೆ ಮರಳಿ ಒಳಗೆ ಬಿಡುವುದಿಲ್ಲ. ಸೇತುವೆಯ ಬಳಿ ಆಗಾಗ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ.

ಬಲ್ಗೇರಿಯಾದಲ್ಲಿ 2026ರಿಂದ ಯೂರೋ ಚಲಾವಣೆಯಲ್ಲಿದೆ. ಹಳೆಯ ಲೆವ್ ನೋಟು ಕೊಟ್ಟರೆ ತೆಗೆದುಕೊಳ್ಳಬೇಡಿ. ಸೋಫಿಯಾ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಿಂದಲೇ ಮೆಟ್ರೊ ಇದೆ, ಟ್ಯಾಕ್ಸಿ ಬೇಕಿಲ್ಲ. ನಗರದ ನಡುವಿನ ಹಳೆಯ ಸಾರ್ವಜನಿಕ ಸ್ನಾನಗೃಹದ ಹತ್ತಿರ ಬಿಸಿನೀರಿನ ಬುಗ್ಗೆಯ ನಲ್ಲಿಗಳಿವೆ, ಬಾಟಲಿ ತುಂಬಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ತರಾತೋರ್ ತುಂಬ ಹಿಡಿಸುತ್ತದೆ: ಮೊಸರು, ಸೌತೆಕಾಯಿ, ಬೆಳ್ಳುಳ್ಳಿಯ ತಣ್ಣನೆ ಸೂಪು, ನಮ್ಮ ಮೊಸರುಬಜ್ಜಿಯ ತೆಳು ರೂಪ. ಬಾನಿತ್ಸಾ ಎಂಬ ಚೀಸ್ ತುಂಬಿದ ಪದರು ತಿಂಡಿಯಲ್ಲಿ ಮಾತ್ರ ಮೊಟ್ಟೆ ಇರುತ್ತದೆ.

ಬಸ್ ಫಲಕಗಳು ಸಿರಿಲಿಕ್ ಲಿಪಿಯಲ್ಲಿರುತ್ತವೆ. ಇಂಗ್ಲಿಷಿನ 'ಪಿ'ಯಂತೆ ಕಾಣುವ ಅಕ್ಷರ ಅಲ್ಲಿ 'ರ', 'ಸಿ'ಯಂಥದ್ದು 'ಸ'; ಇಷ್ಟು ಗೊತ್ತಿದ್ದರೆ ರೂಸೆ ಬಸ್ಸು ತಪ್ಪದು. ಇನ್ನೊಂದು, ತಲೆ ಅಡ್ಡಡ್ಡ ಆಡಿಸಿದರೆ ಅಲ್ಲಿ 'ಹೌದು'. ಟಿಕೆಟ್ ಕೇಳುವಾಗ ಬಾಯಿಮಾತಿನ ಉತ್ತರಕ್ಕೆ ಕಾಯಿರಿ.

ರೂಸೆಯಲ್ಲಿ ಅರ್ಧ ದಿನ ಇವಾನೊವೊದ, ಬಂಡೆಯಲ್ಲಿ ಕೊರೆದ ಚರ್ಚುಗಳಿಗೆ ಮೀಸಲಿಡಿ. ಊರಿಂದ ಸುಮಾರು 20 ಕಿ.ಮೀ.