ಪ್ರತಿಕ್ರಿಯೆ: ಇನ್‌ಪುಟ್ ಇಲ್ಲದಾಗ ಕಮಾಂಡ್ ಏನು ಮಾಡಬೇಕು?

ಫೈಲಿನ ಹೆಸರು ಕೊಡದೆ ಓಡಿಸಿದಾಗ ನಿಮ್ಮ ಪ್ರೋಗ್ರಾಮ್ ಸುಮ್ಮನೆ ಕಾಯಬೇಕೇ ಅಥವಾ ಬಳಕೆಯ ವಿವರ ತೋರಿಸಬೇಕೇ ಎಂದು ಕೇಳಿದ್ದೀರಿ. ಕ್ಯಾಟ್, ಸಾರ್ಟ್‌ನಂತಹ ಹಳೆಯ ಯುನಿಕ್ಸ್ ಕಮಾಂಡ್‌ಗಳು ಆಗ ಸ್ಟ್ಯಾಂಡರ್ಡ್ ಇನ್‌ಪುಟ್, ಅಂದರೆ ಕೀಬೋರ್ಡ್‌ನಿಂದ ಅಥವಾ ಇನ್ನೊಂದು ಕಮಾಂಡ್‌ನಿಂದ ಬರುವುದನ್ನು, ಓದುತ್ತವೆ. ಒಂದು ಕಮಾಂಡ್‌ನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಇನ್‌ಪುಟ್ ಆಗಿ ಕೊಡುವ ಪೈಪಿನಲ್ಲಿ ಅವು ಸಲೀಸಾಗಿ ಕೂರುವುದು ಇದರಿಂದಲೇ, ಆದರೆ ಹೊಸಬರಿಗೆ ಟರ್ಮಿನಲ್ ಹ್ಯಾಂಗ್ ಆದಂತೆ ಕಾಣುತ್ತದೆ. ಆದ್ದರಿಂದ ಇನ್‌ಪುಟ್ ಟರ್ಮಿನಲ್‌ನಿಂದಲೇ ಬರುತ್ತಿದೆಯೇ ಎಂಬುದನ್ನು ಇಸ್‌ಎಟಿಟಿವೈ ಫಂಕ್ಷನ್ ಮೂಲಕ ಪರೀಕ್ಷಿಸಿ, ಹೌದಾದರೆ ಬಳಕೆಯ ವಿವರವನ್ನು ದೋಷ ಸಂದೇಶಗಳಿಗಾಗಿಯೇ ಇರುವ ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, ವೈಫಲ್ಯವನ್ನು ಸೂಚಿಸುವ ಸೊನ್ನೆಯಲ್ಲದ ಎಕ್ಸಿಟ್ ಕೋಡ್‌ನೊಂದಿಗೆ ಹೊರಬರುವುದು, ಅಲ್ಲವಾದರೆ ಮಾತಿಲ್ಲದೆ ಓದುವುದು ಸೂಕ್ತ. ಪೈಪಿನಿಂದ ಒಂದೂ ಬೈಟ್ ಬಾರದಿದ್ದರೆ ಅದನ್ನು ದೋಷವೆಂದು ಪರಿಗಣಿಸಬೇಡಿ. ಖಾಲಿ ಇನ್‌ಪುಟ್‌ಗೆ ಖಾಲಿ ಔಟ್‌ಪುಟ್ ಕೊಟ್ಟು ಸಾರ್ಟ್ ಯಶಸ್ವಿಯಾಗಿಯೇ ಮುಗಿಯುತ್ತದೆ. ಆದರೆ ಇನ್‌ಪುಟ್‌ನಲ್ಲಿ ಬಂದುದನ್ನು ಇನ್ನೊಂದು ಕಮಾಂಡಿಗೆ ಕೊಟ್ಟು ಅದನ್ನು ಓಡಿಸುವ ಗ್ನೂ ಎಕ್ಸ್‌ಆರ್ಗ್ಸ್, ಮೈನಸ್ ಆರ್ ಆಯ್ಕೆ ಕೊಡದಿದ್ದರೆ, ಖಾಲಿ ಇನ್‌ಪುಟ್‌ಗೂ ಆ ಕಮಾಂಡನ್ನು ಒಮ್ಮೆ ಓಡಿಸಿಬಿಡುತ್ತದೆ. ಆ ನಡವಳಿಕೆಯನ್ನು ಅನುಸರಿಸಬೇಡಿ.