ಕಮ್ಚಾಟ್ಕಾದ ಹಾಡುಗಾರ

ಪ್ರಶ್ನೆ: ನನ್ನ ಮಗ ಮೂರು ಹೊತ್ತೂ 'ಕಿನೊ' ಅನ್ನುವ ರಷ್ಯನ್ ಬ್ಯಾಂಡಿನ ಹಾಡು ಕೇಳುತ್ತಾನೆ. ಅದರ ಗಾಯಕ ವಿಕ್ಟರ್ ತ್ಸೋಯ್ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುತ್ತಿದ್ದನಂತೆ. ಅಂಥ ಕಲಾವಿದನಿಗೆ ಆ ಗತಿ ಯಾಕೆ ಬಂತು?

ಉತ್ತರ: ಅಯ್ಯೋ ಅನ್ನಬೇಡಿ. ಆ ಕೆಲಸವೇ ಅವನಿಗೆ ಹಾಡಲು ಬಿಡುವು ಕೊಟ್ಟಿದ್ದು.

ಸೋವಿಯತ್ ಒಕ್ಕೂಟದಲ್ಲಿ ಕೆಲಸ ಇಲ್ಲದೆ ಸುಮ್ನೆ ಇರುವುದೇ ಅಪರಾಧ. ಕೇಸು ಹಾಕುತ್ತಿದ್ದರು. ರಾಕ್ ಹಾಡುವುದನ್ನು ಸರ್ಕಾರ ಕೆಲಸ ಅಂತ ಒಪ್ಪುತ್ತಿರಲಿಲ್ಲ. ಹಾಗಾಗಿ ಲೆನಿನ್‌ಗ್ರಾಡಿನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಹಾಡುಗಾರರು ಕಾವಲು, ಬಾಯ್ಲರ್, ಇಂಥ ಕೆಲಸ ಹಿಡಿಯುತ್ತಿದ್ದರು. ಪಾಳಿ ಮುಗಿದರೆ ಬಿಡುವು ಜಾಸ್ತಿ, ತಲೆ ತಿನ್ನುವವರು ಕಡಿಮೆ. ತ್ಸೋಯ್ 1986ರಿಂದ 1988ರವರೆಗೆ ಬ್ಲೋಖಿನ್ ಬೀದಿಯ ಬಾಯ್ಲರ್ ಕೋಣೆಯಲ್ಲಿದ್ದ. ಅದರ ಅಡ್ಡಹೆಸರು 'ಕಮ್ಚಾಟ್ಕಾ', ದೇಶದ ಪೂರ್ವದ ಕಡೆಯ ದೂರದ ಪರ್ಯಾಯ ದ್ವೀಪದ ಹೆಸರು. ಆ ಕಾಲದ ಒಂದು ಸಾಕ್ಷ್ಯಚಿತ್ರದಲ್ಲಿ ಅವನು ಸಲಿಕೆ ಹಿಡಿದು ಒಲೆಗೆ ಕಲ್ಲಿದ್ದಲು ಎಸೆಯುವುದನ್ನು ನೋಡಬಹುದು. ನಾನು ಎಷ್ಟು ಸಲ ನೋಡಿದ್ದೇನೋ. ಆ ಮುಖದಲ್ಲಿ ನನಗೆ ಬೇಸರ ಕಂಡಿಲ್ಲ.

ಹಾಡುಗಳು ಹರಡಿದ್ದೂ ಹೀಗೇ, ಕಳ್ಳದಾರಿಯಲ್ಲಿ. ಟೇಪಿನಿಂದ ಟೇಪಿಗೆ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ. 1982ರ ಮೊದಲ ಆಲ್ಬಂ ಸುಮಾರು 45 ನಿಮಿಷ ಇತ್ತು ಅಂತ ಅದರ ಹೆಸರೇ '45'.

ಮಗನ ಹತ್ತಿರ ಕೊನೆಯ ಆಲ್ಬಂ ಹಾಕಿಸಿ ಕೇಳಿ. ಹೊದಿಕೆ ಬರೀ ಕಪ್ಪು. 1990ರ ಬೇಸಿಗೆಯಲ್ಲಿ ತ್ಸೋಯ್ ಲಾಟ್ವಿಯಾದ ಕಡಲ ತೀರದ ಹಳ್ಳಿಯಲ್ಲಿ ಗಿಟಾರ್ ವಾದಕ ಯೂರಿ ಕಸ್ಪರ್ಯಾನ್ ಜೊತೆ ಕೂತು ಹೊಸ ಹಾಡುಗಳ ಕರಡು ರೆಕಾರ್ಡ್ ಮಾಡಿದ್ದ. ಆಗಸ್ಟ್ 15ರಂದು ಅಲ್ಲೇ ಅವನ ಕಾರು ಬಸ್ಸಿಗೆ ಡಿಕ್ಕಿ ಹೊಡೆಯಿತು. ವಯಸ್ಸು 28. ಎರಡು ತಿಂಗಳ ಹಿಂದಷ್ಟೇ ಮಾಸ್ಕೋದ ಲುಝ್ನಿಕಿ ಸ್ಟೇಡಿಯಂ ತುಂಬಿಸಿದ್ದ ಹುಡುಗ. ಗೆಳೆಯರು ಆ ಕರಡಿನ ದನಿಯನ್ನೇ ಇಟ್ಟುಕೊಂಡು, ಅದರ ಕೆಳಗೆ ತಮ್ಮ ವಾದ್ಯ ನುಡಿಸಿ ಆಲ್ಬಂ ಮುಗಿಸಿದರು. ನೀವು ಕೇಳುವುದು 'ಆಮೇಲೆ ಸರಿಯಾಗಿ ಹಾಡೋಣ' ಅಂತ ಹಾಡಿಟ್ಟ ದನಿ. ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಪ್ರಶ್ನೆ: ಸತ್ತು ಇಷ್ಟು ವರ್ಷವಾಯಿತು. ಆ ಹಾಡುಗಳಿಗೆ ಈಗಲೂ ಬೆಲೆ ಇದೆಯಾ?

ಉತ್ತರ: ಇದೆ. ಮಾಸ್ಕೋದ ಅರ್ಬಾತ್ ಬೀದಿಯಲ್ಲಿ ಒಂದು ಗೋಡೆಯ ತುಂಬ ಅವನ ಹೆಸರು, ಹಾಡಿನ ಸಾಲುಗಳು. ಕಮ್ಚಾಟ್ಕಾ ಈಗ ಮ್ಯೂಸಿಯಂ. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಅವನದೊಂದು ಹಾಡು ಇದೆ, ನಮಗೆ ಬದಲಾವಣೆ ಬೇಕು ಅನ್ನುವುದು. 2020ರ ಆಗಸ್ಟ್‌ನಲ್ಲಿ, ಬೆಲಾರೂಸ್ ಚುನಾವಣೆಗೆ ಮೂರು ದಿನ ಮುಂಚೆ, ಮಿನ್ಸ್ಕ್‌ನ ಸರ್ಕಾರಿ ಕಾರ್ಯಕ್ರಮವೊಂದರಲ್ಲಿ ಇಬ್ಬರು ಸೌಂಡ್ ಹುಡುಗರು ಆ ಹಾಡು ಹಾಕಿ ಕೈ ಮೇಲೆತ್ತಿ ನಿಂತರು. ಇಬ್ಬರಿಗೂ ಹತ್ತು ದಿನ ಜೈಲಾಯಿತು. ಆಮೇಲೆ ಚುನಾವಣೆಯ ಫಲಿತಾಂಶದ ವಿರುದ್ಧ ಪ್ರತಿಭಟನೆಗೆ ಬಂದ ಜನ ಬೀದಿಯಲ್ಲಿ ಅದನ್ನೇ ಹಾಡಿದರು.